ಮುತ್ಯಾನ ಹೆಸರಿನಲ್ಲಿ ಇಳಿದವನು

ಎಳ್ಳ ಅಮಾವಾಸ್ಯೆಯ ದಿನ ಕಳ್ಳನೊಬ್ಬ ಮನಸ್ಸು ಮಾಡಿದರೆ ನಮ್ಮ ಔರಾದ್ ಕಡೆಯ ಊರಿಗೆ ಊರನ್ನೇ ಹೊತ್ತೊಯ್ಯಬಹುದು. ಮನೆಗಳಲ್ಲಿ ನರಪಿಳ್ಳೆ ಇರುವುದಿಲ್ಲ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯ ಗಡಿಗೆ ಹೊತ್ತು ಎಲ್ಲರೂ ಹೊಲ ಸೇರುತ್ತಾರೆ. ನಿಂತ ಬೆಳೆಯ ಸುತ್ತ ಚರಗ ಚೆಲ್ಲಿ, ಮೊದಲು ಭೂಮಿಗೆ ಉಣಿಸಿ, ಆಮೇಲೆ ತಾವು ಉಣ್ಣುತ್ತಾರೆ. ಸ್ವಂತ ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆದೊಯ್ಯುತ್ತಾರೆ. ನನ್ನ ಬಾಲ್ಯದಲ್ಲಿ ಆ ದಿನ ಊರಿನಲ್ಲಿ ಉಳಿಯುತ್ತಿದ್ದವರು ನಾಯಿಗಳು ಮತ್ತು ನಾವು.

ಅಪ್ಪ ಬೆಳಿಗ್ಗೆಯೇ ಒಬ್ಬನೇ ಹೋಗಿ ಚರಗ ಚೆಲ್ಲಿ ಬರುತ್ತಿದ್ದ. ಉಳಿದವರೆಲ್ಲ ಬಾಗಿಲಿಗೆ ಅಗಳಿ ಹಾಕಿಕೊಂಡು ಒಳಗೆ ಕೂರುತ್ತಿದ್ದೆವು. ಕಾರಣ ಮುತ್ಯಾ, ಅಂದರೆ ಅಪ್ಪನ ಅಪ್ಪ. ಆ ದಿನ ಅವನು ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲು ಎದೆಗೆ ಹಚ್ಚಿಕೊಂಡು ಕೂತರೆ ಏಳುತ್ತಿರಲಿಲ್ಲ. ಅವನನ್ನು ಬಿಟ್ಟು ಹೋಗಲು ಅವನ ಹೆಂಡತಿಗೆ, ಅಂದರೆ ನಮ್ಮ ಆಯಿಗೆ, ಧೈರ್ಯ ಇರಲಿಲ್ಲ. ಯಾವುದೋ ನಾಯಿ ಬಾಗಿಲಿಗೆ ಮೈ ತಿಕ್ಕಿದರೂ ಅವನ ಉಸಿರು ನಿಲ್ಲುತ್ತಿತ್ತು. ಅವನದು ನಿಂತರೆ ನಮ್ಮದೂ ನಿಲ್ಲುತ್ತಿತ್ತು. ಏನೋ ಒಂದು ನಮ್ಮನ್ನು ಹುಡುಕಿಕೊಂಡು ಬರಲಿದೆ ಎಂದು ನಾನು ನಂಬಿದ್ದೆ. ಅದು ಏನು ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳಿದ್ದರೆ ಬಹುಶಃ ಅಷ್ಟು ಹೆದರುತ್ತಿರಲಿಲ್ಲ.

ಹಾಗೆಂದು ಮುತ್ಯಾ ಪುಕ್ಕಲ ಅಲ್ಲ. ಚೇಳನ್ನು ಚಪ್ಪಲಿಯಿಲ್ಲದ ಕಾಲಿನಲ್ಲಿ ಹೊಸಕುತ್ತಿದ್ದವ. ಆದರೆ ಖಾಕಿ ಬಟ್ಟೆ ಕಂಡರೆ ಮುಗಿಯಿತು. ಖಾಕಿ ಎಂದರೆ ಪೊಲೀಸನೇ ಆಗಬೇಕಿರಲಿಲ್ಲ, ಟಪಾಲಿನವನಾದರೂ ಸಾಕು, ಕರೆಂಟಿನ ಲೈನ್‌ಮನ್ ಆದರೂ ಸಾಕು. ಲೈನ್‌ಮನ್ ಕಂಬದಿಂದ ಇಳಿದು ಹೋಗುವವರೆಗೆ ಮುತ್ಯಾ ದನದ ಕೊಟ್ಟಿಗೆಯಲ್ಲಿ ಮೇವಿನ ಹಿಂದೆ ಇರುತ್ತಿದ್ದ. ಬಿಸಿಲಲ್ಲಿ ಬೆವರುತ್ತಿದ್ದ ಆ ಬಡಪಾಯಿ ಲೈನ್‌ಮನ್‌ಗೆ ತನ್ನಿಂದ ಒಬ್ಬ ಮನುಷ್ಯನ ಜೀವ ಬಾಯಿಗೆ ಬಂದಿದೆ ಎಂಬ ಖಬರೇ ಇರುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕಳ್ಳ ಎಂದು ಯಾರೂ ಅನ್ನದೆಯೇ ಎಲ್ಲರೂ ಹೆಗಲು ಮುಟ್ಟಿಕೊಳ್ಳುತ್ತಿದ್ದೆವು. ಸಾಲಿಯಲ್ಲಿ ಹೆಡ್ ಮಾಸ್ತರರು ಕರೆದರೆ, ಬಹುಮಾನ ಕೊಡಲಿಕ್ಕೇ ಕರೆದಿದ್ದರೂ, ನಾನು ಬೆಂಚಿನ ಕೆಳಗೆ ಬಗ್ಗುತ್ತಿದ್ದೆ. ಅಂಜಿಕೆ ನಮ್ಮ ಮನೆಯ ಆಸ್ತಿ. ಅದೊಂದು ಪಾಲಾಗದೆ ಎಲ್ಲರಿಗೂ ಪೂರ್ತಿ ಸಿಕ್ಕಿತು.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಮುತ್ಯಾ ತೀರಿಕೊಂಡ. ಕೊನೆಯ ವಾರ ಮಾತು ನಿಂತಿತ್ತು. ಆದರೆ ಬಲಗೈ ಆಗಾಗ ತಾನಾಗಿಯೇ ಮೇಲೇಳುತ್ತಿತ್ತು, ಸಾಲಿಯಲ್ಲಿ ಹಾಜರಿ ಕೂಗಿದಾಗ ನಾವು ಎತ್ತುತ್ತಿದ್ದ ಹಾಗೆ. ಆಯಿ ಅದನ್ನು ಹಿಡಿದು ಕೆಳಗಿಡುತ್ತಿದ್ದಳು. ಮತ್ತೆ ಏಳುತ್ತಿತ್ತು. ನಾನು ಹೊಸ್ತಿಲಲ್ಲಿ ನಿಂತು ಅಳುತ್ತಿದ್ದೆ. ದುಃಖಕ್ಕಿಂತ ಹೆಚ್ಚಾಗಿ ಆ ಕೈ ಕಂಡು ಹೆದರಿ ಅಳುತ್ತಿದ್ದೆ.

ಮುಂದೆ ಬಿ.ಎ. ಮುಗಿಸಿ ಬೀದರಿಗೆ ಬಂದೆ. ಕೊಳಾರದ ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನಲ್ಲಿ ಕೂಲಿಯವರ ಹಾಜರಿ ಬರೆಯುವ ನೌಕರಿ ಸಿಕ್ಕಿತು. ಆಯಿ ಕಣ್ಣಿನ ಆಪರೇಷನ್‌ಗೆಂದು ಬಂದವಳು ನನ್ನ ಬಾಡಿಗೆ ಮನೆಯಲ್ಲೇ ಉಳಿದಳು. ಒಂದು ದಿನ ಮನ್ನಳ್ಳಿಯಿಂದ ಬರುವ ಒಬ್ಬ ಹೆಂಗಸು ತನ್ನ ಓರಗಿತ್ತಿಯ, ಅಂದರೆ ನೆಗೆಣ್ಣಿಯ ಗೇಟ್ ಕಾರ್ಡ್ ಹಿಡಿದು, ಸೆರಗು ಮೂಗಿನವರೆಗೆ ಎಳೆದುಕೊಂಡು ಒಳಗೆ ನುಗ್ಗಲು ನೋಡಿದಳು. ನೆಗೆಣ್ಣಿ ಕುಳ್ಳಿ, ಇವಳು ತೆಂಗಿನ ಮರ. ಹಿಡಿದು ಹೊರಗೆ ಕಳಿಸಿದೆ. ಸಂಜೆ ಚಹಾ ಕುಡಿಯುತ್ತ ಅದನ್ನೇ ಆಯಿಯ ಮುಂದೆ ನಗೆಯಾಡಿ ಹೇಳಿದೆ.

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಆಯಿಯ ಕೈ ನಿಂತಿತು.

"ಆಕಿಗಿ ಒಳಗ ಬಿಟ್ಟಿಯೇನು?"

"ಇಲ್ಲ ಆಯಿ, ಹೊರಗ ಕಳಿಸ್ದೆ."

"ಛಲೋ ಮಾಡ್ದಿ. ಒಬ್ಬರ ಹೆಸರಿನ ಮ್ಯಾಲ ಇನ್ನೊಬ್ಬರಿಗಿ ಎಂದೂ ಒಳಗ ಬಿಡಬ್ಯಾಡ." ಇಷ್ಟು ಹೇಳಿ ಆಕೆ ಮೊರವನ್ನು ಪಕ್ಕಕ್ಕೆ ಸರಿಸಿದಳು. "ನಿಮ್ಮ ಮುತ್ಯಾ ಬಿಟ್ಟಿದ್ದ," ಎಂದಳು.

ಆ ಸಂಜೆ ಕೇಳಿದ್ದನ್ನು ನಾನು ಆಯಿಯ ಮಾತಿನಲ್ಲೇ ಶುರು ಮಾಡುತ್ತೇನೆ. "ದೊಡ್ಡ ಬರ ಬಿದ್ದಿತ್ತವ್ವ. ಹೊಲದಾಗ ಹುಲ್ಲಿನ ಕಡ್ಡಿ ಇರ್ಲಿಲ್ಲ. ಸರ್ಕಾರದೋರು ಕೆಂಪು ಜ್ವಾಳ ಕೊಡ್ತಿದ್ರು, ರೊಟ್ಟಿ ಬಡದ್ರ ಒಡೀತಿತ್ತು. ಗಂಡಸರು ಒಬ್ಬೊಬ್ಬರೇ ಊರು ಬಿಡ್ಲಾಕ ಹತ್ತಿದ್ರು. ಬಂಬೈಗಿ ಹೋದೋರು ಬಂಬೈಗಿ ಹೋದ್ರು. ನಿಮ್ಮ ಮುತ್ಯಾ ಬೊಗ್ಗಿನ ಬಾವಿಗಿ ಹೋದ."

ತೆಲುಗು ಸೀಮೆಯಲ್ಲಿ ಕಲ್ಲಿದ್ದಲಿಗೆ ಬೊಗ್ಗು ಅನ್ನುತ್ತಾರೆ, ಗಣಿಗೆ ಬಾವಿ. ಕೂಲಿಗಳ ಮುಕಾದಮ್ ಒಬ್ಬ ನಮ್ಮ ಕಡೆಯಿಂದ ಜನ ಕರೆದೊಯ್ದು ಅಲ್ಲಿ ಕೆಲಸಕ್ಕೆ ಹಚ್ಚುತ್ತಿದ್ದ. ಬಾವಿಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರು ಹೊಡೆದ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವ ಮುಂಚೆ ದೀಪದ ಕೋಣೆಯಲ್ಲಿ ಬಿಲ್ಲೆ ಕೊಟ್ಟು ದೀಪ ಪಡೆಯಬೇಕು, ಮೇಲೆ ಬಂದ ಮೇಲೆ ದೀಪ ಕೊಟ್ಟು ಬಿಲ್ಲೆ ವಾಪಸು ಪಡೆಯಬೇಕು. ಹಲಗೆಯ ಮೇಲೆ ಯಾರ ಬಿಲ್ಲೆ ತೂಗುತ್ತಿದೆಯೋ ಅವರು ಒಳಗಿದ್ದಾರೆ ಎಂದು ಅರ್ಥ. ಕೋಣೆಯಲ್ಲಿ ಕೂತವನು ನೋಡುತ್ತಿದ್ದದ್ದು ನಂಬರನ್ನು, ಮುಖವನ್ನಲ್ಲ.

ಚಳಿಗಾಲ ಬಂತು, ಎಳ್ಳ ಅಮಾವಾಸ್ಯೆ ಹತ್ತಿರವಾಯಿತು. ಮುತ್ಯಾ ರಜೆ ಕೇಳಿದ, ಕೊಡಲಿಲ್ಲ. ಹೇಳದೆ ಹೋದರೆ ಹೆಸರು ಹೊಡೆದು ಹಾಕುತ್ತಿದ್ದರು, ಗೇಟಿನ ಹೊರಗೆ ಕೆಲಸಕ್ಕಾಗಿ ನಿಂತವರು ಬೇಕಾದಷ್ಟು ಇದ್ದರು. ಹೊಲದಲ್ಲಿ ಬೆಳೆಯೇ ಇಲ್ಲದ ವರ್ಷ ಯಾವ ಚರಗ ಎಂದು ಬೇರೆ ಸೀಮೆಯವರು ಕೇಳಬಹುದು. ನಮ್ಮವರ ತಲೆ ಹಾಗೆ ಓಡುವುದಿಲ್ಲ. ಬೆಳೆ ಕೊಟ್ಟ ವರ್ಷ ಉಣಿಸಿ, ಕೊಡದ ವರ್ಷ ಭೂಮಿಯನ್ನು ಉಪವಾಸ ಕೆಡವಿದರೆ ಅದು ಮುಂದಿನ ವರ್ಷ ಕೊಡುವುದಾದರೂ ಹೇಗೆ? ಅಂಥ ವರ್ಷವೇ ತಪ್ಪಿಸಬಾರದು ಎಂದು ಮುತ್ಯಾ ಹಟ ಹಿಡಿದ.

ಗೇಟಿನ ಹೊರಗೆ ನಿಂತವರಲ್ಲಿ ಭಾಲ್ಕಿ ತಾಲೂಕಿನ ಹಲಬರ್ಗಾದ ಒಬ್ಬನಿದ್ದ. ಬಂದು ತಿಂಗಳಾಗಿತ್ತು, ಕೆಲಸ ಸಿಕ್ಕಿರಲಿಲ್ಲ. ಒಂದೇ ಸೀಮೆಯವರೆಂದು ಮುತ್ಯಾ ಅವನನ್ನು ತನ್ನ ಗುಡಿಸಲಲ್ಲಿ ಇಟ್ಟುಕೊಂಡಿದ್ದ. "ನೀ ಹೋಗಿ ಬಾ ಅಣ್ಣ," ಎಂದನಂತೆ ಅವನು. "ನಂದೇನು ಹೊಲ ಇಲ್ಲ, ಚರಗ ಇಲ್ಲ. ನಿನ್ನ ಬಿಲ್ಲೆ ನನಗ ಕೊಡು, ಎರಡು ದಿನ ನಾ ಇಳೀತೇನಿ. ಕೆಲಸನೂ ಕಲ್ತಂಗ ಆಗ್ತದ." ಮುತ್ಯಾ ಬಿಲ್ಲೆ ಕೊಟ್ಟು ರೈಲು ಹತ್ತಿದ.

ಊರಲ್ಲಿ ಬಿರುಕು ಬಿಟ್ಟ ಹೊಲದ ಸುತ್ತ ಕೆಂಪು ಜೋಳದ ಅಂಬಲಿ ಚೆಲ್ಲಿ, ಮರುದಿನವೇ ವಾಪಸು ಹೊರಟ. ಬಾವಿಯ ಹತ್ತಿರ ಹೋಗುವಷ್ಟರಲ್ಲಿ ಅಲ್ಲಿ ಸಂತೆಯಷ್ಟು ಜನ. ಅಮಾವಾಸ್ಯೆಯ ಹಗಲು ಪಾಳಿಯಲ್ಲಿ, ಪಕ್ಕದ ಹಳೆಯ ಬಾವಿಯಲ್ಲಿ ನಿಂತಿದ್ದ ನೀರು ಗೋಡೆ ಒಡೆದು ಇತ್ತ ನುಗ್ಗಿತ್ತು. ನಮ್ಮೂರಲ್ಲಿ ಕುಡಿಯಲು ನೀರಿಲ್ಲದ ವರ್ಷ, ಅಲ್ಲಿ ಭೂಮಿಯೊಳಗೆ ಜನ ನೀರಲ್ಲಿ ಮುಳುಗಿ ಸತ್ತಿದ್ದರು. ಮುತ್ಯಾನ ಪಾಳಿಯವರೆಲ್ಲ ಒಳಗಿದ್ದರು, ಮುಕಾದಮ್ ಕೂಡ. ಹಲಗೆಯಲ್ಲಿ ತೂಗುತ್ತಿದ್ದ ಬಿಲ್ಲೆಗಳನ್ನು ನೋಡಿ ಒಬ್ಬ ಖಾಕಿಯವನು ಸತ್ತವರ ಹೆಸರು ಕೂಗುತ್ತಿದ್ದ. ನಡುವೆ ಮುತ್ಯಾನ ಹೆಸರು ಬಂತು.

"ಕೈ ಎತ್ತಬೇಕಂದನಂತ," ಎಂದಳು ಆಯಿ. "ನಾ ಸತ್ತಿಲ್ಲ, ಇಲ್ಲೇ ಅದೇನಿ ಅನ್ಬೇಕಂದನಂತ. ಹಂಗಂದ್ರ ಸತ್ತೋನು ಯಾರು ಅಂತ ಕೇಳ್ತಾರ. ಬಿಲ್ಲೆ ಯಾಕ ಕೊಟ್ಟಿ ಅಂತ ಹಿಡಿದು ಒಳಗ ಹಾಕ್ತಾರ. ಕೈ ಏಳ್ಲಿಲ್ಲ. ಹಂಗೇ ಹಿಂದ ಸರದು ಬಂದುಬಿಟ್ಟ."

ನನಗೆ ಆ ಮೇಲೇಳುತ್ತಿದ್ದ ಕೈ ನೆನಪಾಯಿತು. ಚಹಾದ ಕಪ್ಪು ನೆಲಕ್ಕಿಟ್ಟೆ.

"ಹಲಬರ್ಗಾದೋರಿಗಿ ಯಾರು ಹೇಳಿದ್ರು ಆಯಿ?"

"ಯಾರು ಹೇಳ್ತಾರ? ಹೇಳೋನು ಮೇವಿನ ಹಿಂದ ಕುಂತಿದ್ನಲ್ಲ." ನಕ್ಕಂತೆ ಮಾಡಿ ಆಕೆ ಅತ್ತಳು. ಮುತ್ಯಾ ಹೇಳಿ ಬರುತ್ತೇನೆಂದು ಒಮ್ಮೆ ಹೋಗಿದ್ದನಂತೆ. ಭಾಲ್ಕಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಹಗಲಿಡೀ ಅಲ್ಲೇ ಕೂತು, ಎದ್ದು ಬಂದನಂತೆ. ಗಣಿಯಿಂದ ಕಾಗದವೇನಾದರೂ ಬಂದಿದ್ದರೆ ಅದು ಮುಕಾದಮ್ ಬರೆಸಿದ್ದ ವಿಳಾಸಕ್ಕೆ ಹೋಗಿರಬೇಕು, ನಮ್ಮ ಮನೆಗಂತೂ ಬರಲಿಲ್ಲ. ಹಲಬರ್ಗಾದವನ ಹೆಸರು ಗಣಿಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನು ಸತ್ತದ್ದು ಭೂಮಿಯ ಮೇಲೆ ಮುತ್ಯಾನಿಗೂ ಆಯಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಈಗ ನನಗೆ ಗೊತ್ತಾಯಿತು. "ಆಂವಗ ಒಂದು ಹೆಣ್ಣು ಕೂಸಿತ್ತಂತ," ಎಂದಳು ಆಯಿ. "ಇದ್ರ ನೋಡಿ ಬಾ. ನಾ ಹೋಗೋದ್ರಾಗ ಒಮ್ಮಿ ಹೋಗಿ ಬಾ."

ಊರಿಗೆ ಹೋದಾಗ ಅಪ್ಪನನ್ನು ಕೇಳಿದೆ. ಅವನು ಎದ್ದು ಬಾಗಿಲು ಮುಂದೆ ಮಾಡಿದ. ಆಯಿಗೆ ತಿಳಿಯದ ಹಾಗೆ ಮುತ್ಯಾ ಸಾಯುವ ಮುಂಚೆ ಅವನಿಗೂ ಸ್ವಲ್ಪ ಹೇಳಿದ್ದನಂತೆ. "ಮುಗದ್ಹೋದದ್ದು ಕೆದಕಬ್ಯಾಡ. ಅವರ ಮಂದಿ ಬಂದು ಬಾಗಿಲಾಗ ನಿಂತ್ರ ಏನ್ ಹೇಳ್ತಿ? ನಿಮ್ಮ ಮುತ್ಯಾ ನಮ್ಮಪ್ಪನ್ನ ಕೊಂದ ಅಂದ್ರ?" ಎಂದ. ನನಗೂ ಅದೇ ಹೆದರಿಕೆ ಇತ್ತು.

ಅಪ್ಪನಿಗೆ ಗೊತ್ತಿದ್ದದ್ದು ಅರೆಬರೆ, ಆಯಿಗೆ ವಯಸ್ಸಾಗಿದೆ, ಎಲ್ಲೋ ಏನೋ ಕಲೆಸಿ ಹೇಳುತ್ತಿದ್ದಾಳೆ ಎಂದು ಕೆಲವು ತಿಂಗಳು ಸಮಾಧಾನ ಮಾಡಿಕೊಂಡೆ. ಆ ಸಮಾಧಾನವೂ ಉಳಿಯಲಿಲ್ಲ. ನಮ್ಮ ಗೋದಾಮಿನ ಒಬ್ಬ ಸೂಪರ್‌ವೈಸರ್ ಅದೇ ಗಣಿ ಊರಿನವನು. ಅವನ ತಂಗಿಯ ಮದುವೆಗೆ ನಾವು ನಾಲ್ಕು ಜನ ಹೋದೆವು. ಮದುವೆ ಊಟ ಮುಗಿಸಿ, ಆ ನೀರಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು ಎಲ್ಲಿದೆ ಎಂದು ಕೇಳಿಕೊಂಡು ನಡು ಮಧ್ಯಾಹ್ನ ಒಬ್ಬಳೇ ಹೋದೆ. ಮುಚ್ಚಿದ ಬಾವಿಯ ಪಕ್ಕ ಮುಳ್ಳುಕಂಟಿಯ ನಡುವೆ ಕರಿ ಕಲ್ಲು. ತೆಲುಗು ಅಕ್ಷರ ನಮ್ಮವರಿಗೆ ಅರ್ಧಕ್ಕಿಂತ ಹೆಚ್ಚೇ ಓದಲು ಬರುತ್ತದೆ. ಬೆರಳು ಇಟ್ಟುಕೊಂಡು ಒಂದೊಂದೇ ಹೆಸರು ಓದುತ್ತ ಹೋದೆ. ಸಿಗದಿರಲಿ ಎಂದು ದೇವರಿಗೆ ಹರಕೆ ಹೊತ್ತುಕೊಳ್ಳುತ್ತಲೇ ಓದಿದೆ.

ಸಿಕ್ಕಿತು. ಮುತ್ಯಾನ ಹೆಸರು, ಅವನ ಅಪ್ಪನ ಹೆಸರು, ಬೀದರ್ ಜಿಲ್ಲೆ.

ನನ್ನ ಕಣ್ಣೆದುರೇ ಹಾಸಿಗೆಯಲ್ಲಿ ಸತ್ತವನು ಅಲ್ಲಿ, ನಾನು ಹುಟ್ಟುವ ಮೊದಲೇ ಸತ್ತಿದ್ದ. ಅಷ್ಟು ಬಿಸಿಲಿನಲ್ಲೂ ಯಾರೋ ಹಿಂದೆ ನಿಂತಿದ್ದಾರೆ ಅನಿಸಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಆಯಿ ಹೇಳಿದ್ದ ಹಲಬರ್ಗಾದವನ ಹೆಸರನ್ನು ಮೇಲಿನಿಂದ ಕೆಳಗೆ ಎರಡು ಸಲ ಹುಡುಕಿದೆ. ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿದ್ದೇ ಹುಡುಕಿದೆ. ಚಪ್ಪಲಿ ಕೈಯಲ್ಲಿ ಹಿಡಿದು ಮದುವೆ ಮನೆಯವರೆಗೆ ಓಡಿದೆ.

ಆ ಮೇಲೆ ಹೋಗಲೇಬೇಕಾಯಿತು. ಒಂದು ರವಿವಾರ ಬೀದರಿನಿಂದ ಪ್ಯಾಸೆಂಜರ್ ಹತ್ತಿದೆ. ಭಾಲ್ಕಿಗಿಂತ ಮುಂಚೆ ಹಲಬರ್ಗಾ ಬರುತ್ತದೆ. ರೈಲು ನಿಂತಿತು, ಜನ ಇಳಿದರು, ನಾನು ಕಿಟಕಿಯ ಕಂಬಿ ಹಿಡಿದು ಕೂತೇ ಇದ್ದೆ. ರೈಲು ಹೊರಟಿತು. ಭಾಲ್ಕಿಯಲ್ಲಿ ಇಳಿದು, ಯಾಕೆಂದು ಗೊತ್ತಿಲ್ಲ, ನಡೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ಕಲ್ಲು ಬೆಂಚಿನ ಮೇಲೆ ಕೂತೆ. ಎರಡು ಬಸ್ಸು ಬಿಟ್ಟೆ. ಮೂರನೆಯದನ್ನೂ ಬಿಡಲು ನೆಪ ಹುಡುಕುತ್ತಿದ್ದಾಗ ನನಗೆ ನನ್ನ ಮೇಲೇ ಸಿಟ್ಟು ಬಂತು. ಒಂದು ವಂಶದವರೆಲ್ಲ ಸಾಲಾಗಿ ಬಂದು ಕೂರಲು ಇದೇನು ನಮ್ಮ ಮುತ್ಯಾ ಕಟ್ಟಿಸಿದ ಬಸ್‌ಸ್ಟ್ಯಾಂಡೇ? ಎದ್ದು ಹಲಬರ್ಗಾದ ಟಮಟಮ್ ಆಟೋ ಹತ್ತಿದೆ.

ಊರಲ್ಲಿ ಇಳಿದು ಪಾನ್ ಡಬ್ಬಿಯವನನ್ನು ಕೇಳಿದೆ: ಬರಗಾಲದಲ್ಲಿ ತೆಲುಗು ಸೀಮೆಗೆ ಹೋಗಿ ಬಾರದೇ ಉಳಿದ ಒಬ್ಬರಿದ್ದರಲ್ಲ, ಅವರ ಮನೆ ಯಾವುದು? ಹೆಸರು ಹೇಳುವ ಮೊದಲೇ ಅವನು ಕೈ ತೋರಿಸಿದ. "ಓಡಿಹೋದೋನ ಮನಿ ಏನ್ರಿ? ಅಕಾ ಅಲ್ಲಿ ಗಿರಣಿ ಕಾಣ್ತದಲ್ರಿ, ಅದೇ. ಮಗಳು ನಡಸ್ತಾಳ."

ಪಾನ್ ಡಬ್ಬಿಯವನ ವಯಸ್ಸು ಇಪ್ಪತ್ತೂ ದಾಟಿರಲಿಲ್ಲ. ಅವನು ಹುಟ್ಟುವ ಎಷ್ಟೋ ವರ್ಷ ಮೊದಲು ಸತ್ತವನನ್ನು ಅವನೂ ಓಡಿಹೋದವನು ಅನ್ನುತ್ತಿದ್ದ.

ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಆಕೆಗೆ ನಾನು ಕೂಗಿ ಹೇಳಬೇಕಾಯಿತು. ಹುಬ್ಬು, ರೆಪ್ಪೆಗಳ ಮೇಲೆಲ್ಲ ಹಿಟ್ಟು ಕೂತ, ಗಟ್ಟಿಮುಟ್ಟಾದ ಹೆಂಗಸು. ಏನು ಬೇಕೆಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು, "ರೇಷನ್ ಕಾರ್ಡಿನ ಸರ್ವೇಕ್ಕ ಬಂದೇನ್ರಿ." ಸುಳ್ಳು ಹೇಳಲು ನಾನು ಒಂದು ಕ್ಷಣವೂ ತಡೆಯಲಿಲ್ಲ. ಆಕೆ ಕಾಯುತ್ತಿದ್ದವರಿಗೆ ಸ್ವಲ್ಪ ತಡೀರಿ ಎಂದು ಗಿರಣಿ ಬಂದ್ ಮಾಡಿ ನನ್ನನ್ನು ಒಳಗೆ ಕರೆದು ಚಹಾಕ್ಕಿಟ್ಟಳು. ನಾನು ವಹಿ ತೆಗೆದು ಪೆನ್ನು ಹಿಡಿದೆ. ಆಕೆಯ ಹೆಸರು ಕೇಳಿದೆ, ಬರೆದೆ. ತಂದೆಯ ಹೆಸರು ಕೇಳಿದೆ. ಆಯಿ ಹೇಳಿದ್ದ ಹೆಸರೇ.

"ಇದ್ದಾರೇನ್ರಿ?"

"ನೀವೇ ನೋಡಿ ಏನರ ಬರೀರಿ," ಎಂದಳು. "ಸತ್ತಾನ ಅಂತ ಬರೀಲಾಕ ಸರ್ಟಿಫಿಕೇಟ್ ಇಲ್ಲ. ಬದುಕ್ಯಾನ ಅಂತ ಬರೀಲಾಕ ಆಂವನ ಮಾರಿ ಯಾರೂ ಕಂಡಿಲ್ಲ. ಅಲ್ಲಿ ಯಾವಾಕಿನ್ನೋ ಇಟ್ಕೊಂಡು ಮನಿ ಮಾಡ್ಯಾನ ಅಂತ ಊರಿನೋರು ಅಂತಾರ. ನಮ್ಮವ್ವ ಬಾವಿಗಿ ನೀರಿಗಿ ಹೋದ್ರ, ಗಂಡಗ ಹಿಡಕೊಳ್ಳಾಕ ಆಗ್ಲಿಲ್ಲ ಕೊಡ ಹ್ಯಾಂಗ ಹಿಡಿತಿ ಅಂತಿದ್ರು. ನನ್ನ ಲಗ್ನ ಎರಡು ಸಲ ಇದೇ ಮಾತಿಗಿ ಮುರೀತು. ಅವ್ವ ಹಣಿ ತುಂಬ ಕುಂಕುಮ ಹಚ್ಕೊಂಡೇ ಸತ್ತಳು. ಮುತ್ತೈದಿ ಸಾವು ಅಂತ ಹಸಿರು ಸೀರಿ ಉಡಿಸಿ ಕಳಿಸ್ದೆವು. ಕೊನೀ ಮಾತೂ ಅವಗ ಬೈದದ್ದೇ." ಚಹಾ ಸೋಸಿ ನನ್ನ ಮುಂದಿಟ್ಟಳು. "ನಾನೂ ಬೈತೇನ್ರಿ. ದಿನಾ ಬೈತೇನಿ."

ಇನ್ನು ಸುಮ್ಮನಿದ್ದರೆ ಅದು ಮುತ್ಯಾನ ಪಾಪವಲ್ಲ, ನನ್ನದು. ವಹಿ ಮುಚ್ಚಿದೆ. ನಾನು ಸರ್ವೇದವಳಲ್ಲ ಎಂದೆ. ಬಿಲ್ಲೆಯಿಂದ ಶುರು ಮಾಡಿ ಕೈ ಎತ್ತದೆ ಬಂದುಬಿಟ್ಟ ತನಕ ಎಲ್ಲ ಹೇಳಿದೆ. ಹೇಳುವಾಗ ನನ್ನ ಕಣ್ಣು ಬಾಗಿಲ ಮೇಲಿತ್ತು. ಆಕೆ ಚೀರಿದರೆ, ಜನ ಸೇರಿದರೆ, ಯಾವ ಕಡೆ ಓಡಬೇಕೆಂದು ಲೆಕ್ಕ ಹಾಕುತ್ತಲೇ ಹೇಳಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಆಕೆ ಚೀರಲಿಲ್ಲ. ಒಲೆ ಆರಿಸಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. "ಖರೇನೇ ಸತ್ತಾನೇನ್ರಿ? ಅಲ್ಲೇ?"

"ಖರೇರಿ. ಎಳ್ಳ ಅಮಾಸಿ ದಿನ."

ಮುಖದ ಹಿಟ್ಟಿನ ಮೇಲೆ ಕಣ್ಣೀರು ಇಳಿಯಿತು. ಅದನ್ನು ಒರೆಸಿಕೊಳ್ಳದೆ ಎದ್ದು ನಿಂತಳು. "ನನಗೊಬ್ಬಾಕಿಗಿ ಹೇಳಿದ್ರ ಆಗೋದಿಲ್ಲ," ಎಂದು ನನ್ನ ಮುಂಗೈ ಹಿಡಿದು ಹೊರಗೆ ನಡೆದಳು.

ಗಿರಣಿಯ ಮುಂದೆ ಹತ್ತು ಹನ್ನೆರಡು ಜನ ಜೋಳದ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಹೆಂಗಸರು ಮುಂದೆ, ಹಿಂದೆ ಗೋಡೆಗೆ ಒರಗಿ ನಾಲ್ಕಾರು ಮುದುಕರು. "ಗಿರಣಿ ಆಮ್ಯಾಲ ಚಾಲೂ ಮಾಡ್ತೇನಿ," ಎಂದಳು ಆಕೆ. "ಮದಲ ಈಕಿ ಹೇಳೋದು ಕೇಳ್ರಿ. ನಮ್ಮಪ್ಪನ ಮಾತದ."

ಅಷ್ಟೂ ಜನ ನನ್ನ ಕಡೆ ನೋಡಿದರು. ನಾನು ಆಕೆಯ ತಂದೆಯ ಹೆಸರು ಹೇಳಿದೆ. ಅವರು ಓಡಿಹೋಗಲಿಲ್ಲ, ಕೆಲಸಕ್ಕೆ ಇಳಿದಿದ್ದರು, ನೀರು ನುಗ್ಗಿ ಸತ್ತರು ಎಂದೆ. ಹಿಂದಿನಿಂದ ಒಬ್ಬ ಮುದುಕ, "ಹಂಗಿದ್ರ ಆಂವನ ಹೆಸರು ಯಾಕ ಬರ್ಲಿಲ್ಲವ್ವ?" ಎಂದ.

"ಬ್ಯಾರೇದೋರ ಹೆಸರಿನ ಮ್ಯಾಲ ಇಳಿದಿದ್ರು ಕಾಕಾ."

"ಯಾರ ಹೆಸರಿನ ಮ್ಯಾಲ?"

ಆಕೆ ನನ್ನ ಮುಂಗೈ ಇನ್ನೂ ಬಿಟ್ಟಿರಲಿಲ್ಲ. ಅದು ಪ್ರೀತಿಯ ಹಿಡಿತ ಅಲ್ಲ, ನಾನು ತಪ್ಪಿಸಿಕೊಳ್ಳದಿರಲಿ ಎಂದು ಹಿಡಿದದ್ದು. ತಲೆ ತಗ್ಗಿಸಿ ಮುತ್ಯಾನ ಹೆಸರು ಹೇಳಿದೆ. ಅವನು ಬದುಕಿದ್ದ, ಎಲ್ಲ ಗೊತ್ತಿದ್ದೂ ಯಾರಿಗೂ ಹೇಳಲಿಲ್ಲ, ಸಾಯುವ ತನಕ ಮನೆಯಲ್ಲಿ ನಮ್ಮ ಜೊತೆಗೇ ಇದ್ದ ಎಂದೆ. ನನ್ನ ಮಾತು ನನಗೇ ಸರಿಯಾಗಿ ಕೇಳಿಸಲಿಲ್ಲ.

ಆಕೆ ಕೈಯನ್ನು ಇನ್ನಷ್ಟು ಬಿಗಿ ಹಿಡಿದಳು.

"ಜೋರ್ಲೆ ಹೇಳ್ರಿ," ಎಂದಳು. "ನಮ್ಮವ್ವಗ ಅಂದೋರು ಹಿಂದ ಕುಂತಾರ."

ನಾನು ತಲೆ ಎತ್ತಿ ಮತ್ತೆ ಮೊದಲಿನಿಂದ ಹೇಳಿದೆ.